ತಕ್ಕಡಿಯಿಂದ ಗಣಕಯಂತ್ರಕ್ಕೆ ತೂಕ ಬರುವ ಬಗೆ



ಅಡಿಕೆ, ಕಾಫಿ ಚೀಲಗಳ ತೂಕವು ಎಲೆಕ್ಟ್ರಾನಿಕ್ ತಕ್ಕಡಿಯಿಂದ ನೇರವಾಗಿ ಗಣಕಯಂತ್ರಕ್ಕೆ ಬಂದು ರಸೀದಿ ಸಿದ್ಧವಾಗುವುದು ಈಗ ಅಪರೂಪವಲ್ಲ. ನಡುದಾರಿಯಲ್ಲಿ ಒಂದು ಅಂಕಿ ಬಿಟ್ಟುಹೋದರೆ 65.4 ಕಿಲೊ 6.4 ಆದೀತು. ಆದುದರಿಂದ ಇದರ ಕ್ರಮವನ್ನು ಬೆಳೆಗಾರರೂ ತಿಳಿದಿರುವುದು ಒಳ್ಳೆಯದು.

ತಕ್ಕಡಿಯ ತಂತಿ ಗಣಕಕ್ಕೆ ಸೇರುವ ಜಾಗಕ್ಕೆ ಸೀರಿಯಲ್ ಪೋರ್ಟ್ ಎಂದು ಹೆಸರು. ಇದರಲ್ಲಿ ಪ್ರತಿ ಅಕ್ಷರವೂ ಬಿಟ್‌ಗಳಾಗಿ ಒಂದರ ಹಿಂದೊಂದು ಸಾಗುತ್ತದೆ. ವೇಗ 9600 ಎಂದಿಟ್ಟು, 8 ಬಿಟ್ ಮಾಹಿತಿಗೆ ಆರಂಭಕ್ಕೊಂದು, ಮುಕ್ತಾಯಕ್ಕೊಂದು ಬಿಟ್ ಸೇರಿಸಿದರೆ ಅಕ್ಷರಕ್ಕೆ 10 ಬಿಟ್. ಅಂದರೆ ಸೆಕೆಂಡಿಗೆ 960 ಅಕ್ಷರ.

ಅಕ್ಷರ ಬಂದೊಡನೆ ಪೋರ್ಟು ಪ್ರೊಸೆಸರಿಗೆ ಕರೆಗಂಟೆ ಬಾರಿಸುತ್ತದೆ. ಇದೇ ಇಂಟರಪ್ಟ್. ಲೆಕ್ಕ ಬರೆಯುತ್ತಿರುವ ತೋಟದ ರೈಟರು ಗಂಟೆ ಕೇಳಿ ಗೇಟಿಗೆ ಹೋಗಿ ಬಂದು ಮತ್ತೆ ಲೆಕ್ಕ ಮುಂದುವರಿಸಿದಂತೆ. ಹಳೆಯ 8250 ಚಿಪ್ಪಿನಲ್ಲಿ ಬಂದ ಒಂದು ಅಕ್ಷರಕ್ಕೆ ಮಾತ್ರ ಜಾಗವಿತ್ತು. ಪ್ರೊಸೆಸರು ತಡ ಮಾಡಿದರೆ ಅದು ನಷ್ಟವಾಗುತ್ತಿತ್ತು. ಮುಂದೆ ಬಂದ 16550ಎ ಚಿಪ್ಪಿನಲ್ಲಿ 16 ಅಕ್ಷರಗಳಿಗೆ ಜಾಗವಿದೆ.

1981ರ ಐ.ಬಿ.ಎಂ. ಪಿ.ಸಿ. ಮಾದರಿಯಲ್ಲಿ ಕಾಂ-1ರ ವಿಳಾಸ 3ಎಫ್8, ಗಂಟೆಯ ಸಂಖ್ಯೆ 4. ಕಾಂ-2ರ ವಿಳಾಸ 2ಎಫ್8, ಗಂಟೆ 3. ಕಾಂ-3, ಕಾಂ-4ಕ್ಕೂ ವಾಡಿಕೆಯಾಗಿ ಕ್ರಮವಾಗಿ 4 ಮತ್ತು 3. ಹಳೆಯ ಗಣಕದಲ್ಲಿ ತಕ್ಕಡಿಯನ್ನು ಕಾಂ-1ಕ್ಕೂ ಮೋಡೆಮನ್ನು ಕಾಂ-3ಕ್ಕೂ ಕೊಟ್ಟು ಒಟ್ಟಿಗೆ ನಡೆಸಿದರೆ, ಎರಡು ಗೇಟಿಗೆ ಒಂದೇ ಗಂಟೆ ಕಟ್ಟಿದಂತಾಗಿ ತೊಡಕುಂಟಾಗುತ್ತದೆ. ಒಂದನ್ನು ಕಾಂ-2ಕ್ಕೆ ಬದಲಾಯಿಸುವುದು, ಇಲ್ಲವೆ ಕಾರ್ಡಿನ ಜಂಪರಿನಿಂದ ಖಾಲಿಯಿರುವ ಬೇರೆ ಸಂಖ್ಯೆ ಕೊಟ್ಟು ತಂತ್ರಾಂಶಕ್ಕೂ ಅದನ್ನೇ ತಿಳಿಸುವುದು ಪರಿಹಾರ.

ಇಂದಿನ ಯು.ಎಸ್.ಬಿ. ಪರಿವರ್ತಕಕ್ಕೆ ಗಂಟೆಯ ಸಂಖ್ಯೆಯನ್ನು ನಾವು ಕೊಡಬೇಕಾಗಿಲ್ಲ. ಆದರೆ ಕೆಳಗಿನವನ್ನು ಗಮನಿಸಬೇಕು:

1. ವಿಂಡೋಸ್‌ನ ಡಿವೈಸ್ ಮ್ಯಾನೇಜರಿನಲ್ಲಿ ಕಾಂ ಸಂಖ್ಯೆ ನೋಡಿ, ತೂಕದ ತಂತ್ರಾಂಶದಲ್ಲೂ ಅದನ್ನೇ ಕೊಡಿ. ಪರಿವರ್ತಕವನ್ನು ಬೇರೆ ಕಿಂಡಿಗೆ ಚುಚ್ಚಿದರೆ ಸಂಖ್ಯೆ ಬದಲಾಗಬಹುದು.

2. ವೇಗ, ಮಾಹಿತಿ ಬಿಟ್, ಪ್ಯಾರಿಟಿ, ಮುಕ್ತಾಯದ ಬಿಟ್ – ಈ ನಾಲ್ಕೂ ಎರಡೂ ಕಡೆ ಒಂದೇ ಇರಲಿ. ತಕ್ಕಡಿಯ ಕೈಪಿಡಿಯಲ್ಲಿ ಇವು ಇರುತ್ತವೆ. ಹೊಂದದಿದ್ದರೆ ಅಂಕಿಯ ಬದಲು ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ.

3. ತೂಗುವ ಮೊದಲು ಗೊತ್ತಿರುವ ತೂಕದ ಕಲ್ಲನ್ನು ಇಟ್ಟು ಪರೀಕ್ಷಿಸಿ.

4. ರಸೀದಿಗೆ ಸಹಿ ಹಾಕುವ ಮೊದಲು ತಕ್ಕಡಿಯ ಅಂಕಿ, ರಸೀದಿಯ ಅಂಕಿ ಎರಡನ್ನೂ ಹೋಲಿಸಿ ನೋಡಿ. ವ್ಯತ್ಯಾಸ ಕಂಡರೆ ಚೀಲ ಇಳಿಸುವ ಮೊದಲೇ ಕೇಳಿ, ಸಂಕೋಚ ಬೇಡ.