ವಾಸ್ತುಶಿಲ್ಪ ಪದವಿಯ ಪ್ರವೇಶ ಸಂದರ್ಶನ: ಬೇಗಂ ಬಜಾರಿನಲ್ಲೊಂದು ಪೂರ್ವಸಿದ್ಧತೆ

ನಮ್ಮ ದೇಶದಲ್ಲಿ ವಾಸ್ತುಶಿಲ್ಪಿ ಎಂಬ ವೃತ್ತಿನಾಮವನ್ನು ಬಳಸಲು 1972ರ ವಾಸ್ತುಶಿಲ್ಪಿಗಳ ಅಧಿನಿಯಮದ ಮೇರೆಗೆ ವಾಸ್ತುಶಿಲ್ಪ ಪರಿಷತ್ತಿನಲ್ಲಿ ನೋಂದಣಿ ಹೊಂದಿರಬೇಕು. ಇದಕ್ಕೆ ತಳಹದಿ ಐದು ವರ್ಷಗಳ ಮಾನ್ಯ ಪದವಿ. ಪ್ರವೇಶಾಕಾಂಕ್ಷಿಗಳು ಪರಿಷತ್ತು ನಡೆಸುವ ‘ನಾಟಾ’ ಪರೀಕ್ಷೆಯನ್ನಾಗಲಿ, ಜೆ.ಇ.ಇ. ಮುಖ್ಯ ಪರೀಕ್ಷೆಯ ವಾಸ್ತುಶಿಲ್ಪ ಪತ್ರಿಕೆಯನ್ನಾಗಲಿ ಬರೆಯಬೇಕಾಗುತ್ತದೆ. ಎರಡರಲ್ಲಿಯೂ ಚಿತ್ರರಚನೆಯ ಭಾಗವಿರುತ್ತದೆ. ಬಹುತೇಕ ಕಡೆ ಆಯ್ಕೆ ಅಂಕಗಳಿಂದಲೇ ಮುಗಿಯುತ್ತದೆ. ಆದರೆ ಕೆಲವು ಖಾಸಗಿ ಸಂಸ್ಥೆಗಳೂ ಹಲವು ವಿದೇಶೀ ವಿಶ್ವವಿದ್ಯಾಲಯಗಳೂ ಸಂದರ್ಶನ ನಡೆಸಿ, ವಿದ್ಯಾರ್ಥಿಯ ಚಿತ್ರಸಂಪುಟವನ್ನು ಪರಿಶೀಲಿಸುತ್ತವೆ.

ಸಂದರ್ಶಕರು ಸಾಮಾನ್ಯವಾಗಿ ಕೇಳಬಹುದಾದ ಪ್ರಶ್ನೆ ಸರಳವಾದುದು: “ನಿಮ್ಮ ಮನೆಯ ಸಮೀಪದ ಒಂದು ಕಟ್ಟಡವನ್ನು ವಿವರಿಸಿರಿ.” ಪ್ರಸಿದ್ಧ ವಾಸ್ತುಶಿಲ್ಪಿಗಳ ಹೆಸರುಗಳನ್ನು ಕಂಠಪಾಠ ಮಾಡಿದವರು ಇಲ್ಲಿ ಮೌನ ತಾಳುವ ಸಂಭವವುಂಟು. ಹೈದರಾಬಾದಿನ ಬೇಗಂ ಬಜಾರಿನಂತಹ ಸಗಟು ಪೇಟೆಯಲ್ಲಿ ಬೆಳೆದ ಕನ್ನಡ ಮನೆಯ ವಿದ್ಯಾರ್ಥಿಗೆ, ಹೇಳಿಕೊಳ್ಳುವಂತಹುದು ತನ್ನ ಬೀದಿಯಲ್ಲಿ ಏನಿದೆ ಎಂಬ ಸಂಕೋಚವೂ ಇರಬಹುದು. ಈ ಸಂಕೋಚಕ್ಕೆ ಆಧಾರವಿಲ್ಲ.

ನಿಜಾಮ್ ಅಲಿ ಖಾನರ ಬೇಗಂ ಅವರು ವರ್ತಕರಿಗೆ ನೀಡಿದ ಭೂಮಿಯಲ್ಲಿ ಈ ಪೇಟೆ ಬೆಳೆಯಿತೆಂಬುದು ಪ್ರತೀತಿ. ಒಣಹಣ್ಣು, ಸಂಬಾರ ಪದಾರ್ಥ, ಪಾತ್ರೆಗಳ ಇಲ್ಲಿಯ ಯಾವುದಾದರೂ ಹಳೆಯ ಕಟ್ಟಡವನ್ನು ಆರಿಸಿಕೊಂಡು, ಮಾಲೀಕರ ಅನುಮತಿ ಪಡೆದು, ಕೆಳಗಿನ ಕ್ರಮದಲ್ಲಿ ಅಭ್ಯಸಿಸಬಹುದು.

1. ಹೆಜ್ಜೆಯಿಂದ ಉದ್ದಗಲಗಳನ್ನು ಅಳೆದು, ನೆಲದ ನಕ್ಷೆಯನ್ನು ಕೈಯಿಂದಲೇ ಬರೆಯಿರಿ. ಅಂಗಡಿ, ಉಗ್ರಾಣ, ವಾಸದ ಕೋಣೆಗಳು ಎಲ್ಲೆಲ್ಲಿವೆ ಎಂಬುದನ್ನು ಗುರುತಿಸಿರಿ.

2. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬೆಳಕು ಎಲ್ಲಿಂದ ಬರುತ್ತದೆ, ಗಾಳಿ ಹೇಗೆ ಆಡುತ್ತದೆ ಎಂಬುದನ್ನು ಬಾಣದ ಗುರುತುಗಳಿಂದ ತೋರಿಸಿರಿ.

3. ಮೂಟೆ ಹೊತ್ತ ಹಮಾಲಿ, ತಳ್ಳುಗಾಡಿ, ಗಿರಾಕಿ ಈ ಮೂವರ ದಾರಿಗಳು ಎಲ್ಲಿ ಅಡ್ಡಬರುತ್ತವೆ? ಬೆಂಕಿ ಬಿದ್ದರೆ ಹೊರಬರುವ ಮಾರ್ಗ ಯಾವುದು?

4. ಮಳೆನೀರು ಎಲ್ಲಿಗೆ ಹರಿದುಹೋಗುತ್ತದೆ?

ಕೊನೆಯ ಪ್ರಶ್ನೆ ಈ ಊರಿನಲ್ಲಿ ಅತ್ಯಂತ ಮಹತ್ವದ್ದು. ಸಮೀಪದ ಮೂಸಿ ನದಿ 1908ರ ಸೆಪ್ಟೆಂಬರ್‌ನಲ್ಲಿ ಉಕ್ಕಿ ಹರಿದು ಸಹಸ್ರಾರು ಜನರ ಪ್ರಾಣಹಾನಿಗೆ ಕಾರಣವಾಯಿತು. ಪರಿಹಾರ ಸೂಚಿಸಲು ಆಹ್ವಾನಿತರಾದವರು ಕನ್ನಡಿಗರೇ ಆದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ನಗರದ ಮೇಲ್ಭಾಗದಲ್ಲಿ ಜಲಾಶಯಗಳನ್ನು ನಿರ್ಮಿಸಿ ಪ್ರವಾಹವನ್ನು ತಡೆಯಬೇಕೆಂಬ ಅವರ ಸಲಹೆಯ ಫಲವಾಗಿ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಸಿದ್ಧವಾದವು. ಒಂದು ಬೀದಿಯ ಕ್ಷೇಮವು ಆ ಬೀದಿಯ ಆಚೆ ನಿರ್ಧಾರವಾಗುತ್ತದೆ ಎಂಬ ತತ್ತ್ವವನ್ನು ಅರಿತ ವಿದ್ಯಾರ್ಥಿ ಸಂದರ್ಶನದಲ್ಲಿ ಆತ್ಮವಿಶ್ವಾಸದಿಂದ ಮಾತನಾಡಬಲ್ಲನು.

ಚಿತ್ರಸಂಪುಟದಲ್ಲಿ ಅಚ್ಚುಕಟ್ಟಾದ ಚಿತ್ರಗಳನ್ನಷ್ಟೇ ಇಡುವುದು ಸಾಲದು. ತಿದ್ದಿದ ನಕ್ಷೆಗಳನ್ನೂ ದಿನಾಂಕಸಹಿತ ಇಡಬೇಕು. ಯೋಚನೆ ಬೆಳೆದ ಬಗೆ ಅವುಗಳಲ್ಲಿ ವ್ಯಕ್ತವಾಗುತ್ತದೆ. ಬೇರೊಬ್ಬರು ಬರೆದುಕೊಟ್ಟ ಚಿತ್ರವನ್ನು ಸೇರಿಸಲೇಬಾರದು. ಎರಡು ಮರುಪ್ರಶ್ನೆಗಳಲ್ಲಿ ಅದು ಬಯಲಾಗುತ್ತದೆ. ಉತ್ತರ ತಿಳಿಯದಿದ್ದಲ್ಲಿ ಹಾಗೆಂದು ಹೇಳಿ, ತಿಳಿಯಲು ಏನು ಮಾಡುವಿರೆಂದು ವಿವರಿಸುವುದು ಲೇಸು.

ಪೋಷಕರಿಗೂ ಒಂದು ಮಾತು. “ಅಂಗಡಿಯನ್ನು ಮುಂದೆ ಯಾರು ನೋಡಿಕೊಳ್ಳುವರು?” ಎಂಬ ಅವರ ಆತಂಕ ಸಹಜವೇ. ಆದರೆ ಮನೆಯ ಕಸುಬು ಈ ವಿದ್ಯೆಗೆ ಅಡ್ಡಿಯಲ್ಲ. ಬೆಂಗಳೂರಿನ ಭಾರತೀಯ ವ್ಯವಸ್ಥಾಪನಾ ಸಂಸ್ಥೆಯ ಕಟ್ಟಡಗಳನ್ನು ವಿನ್ಯಾಸಗೊಳಿಸಿ, 2018ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿಗೆ ಪಾತ್ರರಾದ ಬಾಲಕೃಷ್ಣ ದೋಶಿಯವರು ಪುಣೆಯ ಪೀಠೋಪಕರಣ ತಯಾರಕರ ಮನೆಯಲ್ಲಿ ಬೆಳೆದವರು. ಹೈದರಾಬಾದಿನಲ್ಲಿಯೇ 2008ರಲ್ಲಿ ಸ್ಥಾಪಿತವಾದ ಜವಾಹರಲಾಲ್ ನೆಹರೂ ವಾಸ್ತುಶಿಲ್ಪ ಮತ್ತು ಲಲಿತಕಲಾ ವಿಶ್ವವಿದ್ಯಾಲಯವಿರುವುದರಿಂದ, ಊರು ಬಿಡದೆಯೂ ಈ ವ್ಯಾಸಂಗ ಸಾಧ್ಯ.

ಅಭ್ಯಾಸ: ನಿಮ್ಮ ಬೀದಿಯ ಒಂದು ಕಟ್ಟಡದಲ್ಲಿ ಒಂದೇ ಒಂದು ಬದಲಾವಣೆ ಮಾಡುವ ಅವಕಾಶ ದೊರೆತರೆ ಏನು ಮಾಡುವಿರಿ? ಅದರಿಂದ ಯಾರಿಗೆ ಅನುಕೂಲ, ಯಾರಿಗೆ ತೊಂದರೆ? ಒಂದು ನಕ್ಷೆ ಬರೆದು, ಮನೆಯ ಹಿರಿಯರಿಗೆ ಐದು ನಿಮಿಷಗಳಲ್ಲಿ ವಿವರಿಸಿರಿ.