ಬಂಡೆ ಹತ್ತುವ ಗಾಡಿಗೆ ಅವಸರ ಬೇಡ

ರಿಮೋಟ್ ಕಾರು ಅಂದ ಕೂಡಲೇ ವೇಗದ ಮೋಟಾರು ಹುಡುಕಬೇಡಿ. ನೀವು ಕಟ್ಟಹೊರಟಿರುವುದು ರಾಕ್ ಕ್ರಾಲರ್. ಅದು ಬಸವನಹುಳುವಿನ ಹಾಗೆ ತೆವಳಬೇಕು. 1:10 ಅಳತೆಯ ಗಾಡಿಗೆ 55 ಸುತ್ತಿನ ಬ್ರಶ್ಡ್ ಮೋಟಾರು ಸಾಕು. ತಂತಿಯ ಸುತ್ತು ಹೆಚ್ಚಿದಷ್ಟೂ ಓಟ ಕಡಿಮೆ, ಎಳೆತ ಜಾಸ್ತಿ.

ದುಡ್ಡು ಸುರಿಯಬೇಕಾದ್ದು ಟೈರು ಮತ್ತು ಸರ್ವೋಗೆ. ಎರಡು ಕಲ್ಲಿನ ನಡುವೆ ಚಕ್ರ ಸಿಕ್ಕಿಕೊಂಡಾಗ ಅದನ್ನು ತಿರುಗಿಸಲು ಒದ್ದಾಡುವುದು ಸರ್ವೋ. ಒಳಗಿನ ಗೇರು ಪ್ಲಾಸ್ಟಿಕ್ಕಿನದಾದರೆ ಕರಕ್ ಅಂತ ಹಲ್ಲು ಮುರಿದುಕೊಳ್ಳುತ್ತದೆ, ಲೋಹದ್ದೇ ಕೊಳ್ಳಿ.

ನನ್ನ ಮೊದಲ ಗಾಡಿಯ ನೆತ್ತಿ ಮೇಲೆ ಲಗೇಜ್ ಕ್ಯಾರಿಯರ್, ದೀಪ, ಪುಟಾಣಿ ಡಬ್ಬ ಎಲ್ಲ ಹೇರಿದ್ದೆ. ನೋಡೋಕೆ ಚೆಂದ. ಮೊದಲ ಏರಿನಲ್ಲೇ ಅಂಗಾತ! ಭಾರ ಕೆಳಗಿರಬೇಕು, ಅದೂ ಮುಂದಿನ ಆಕ್ಸಲ್ ಕಡೆ. ಬ್ಯಾಟರಿಯನ್ನು ಮುಂದಕ್ಕೆ ತಂದು, ಮುಂಗಾಲಿಯೊಳಗೆ ಹಿತ್ತಾಳೆ ತೂಕ ಕೂರಿಸಿದ ಮೇಲೆ ಅದೇ ಏರನ್ನು ಸಲೀಸಾಗಿ ಹತ್ತಿತು.

ಲೋಹಕ್ಕೆ ಲೋಹ ಬಿಗಿಯುವ ಸ್ಕ್ರೂಗಳಿಗೆ ಒಂದೊಂದು ಹನಿ ನೀಲಿ ಥ್ರೆಡ್‌ಲಾಕರ್ ಹಾಕಿ, ಪ್ಲಾಸ್ಟಿಕ್ಕಿಗೆ ಮುಟ್ಟಿಸಬೇಡಿ. ಲಿಪೋ ಬ್ಯಾಟರಿಯನ್ನು ವಾರಗಟ್ಟಲೆ ಎತ್ತಿಡುವುದಾದರೆ ಫುಲ್ ಚಾರ್ಜ್ ಬೇಡ, ಸೆಲ್ಲಿಗೆ 3.8 ವೋಲ್ಟ್ ಆಸುಪಾಸಿನಲ್ಲಿರಲಿ. ಚಾರ್ಜಿಗೆ ಹಾಕಿ ಊಟಕ್ಕೆ ಎದ್ದು ಹೋಗುವುದಂತೂ ಬೇಡವೇ ಬೇಡ.