ಕುಂದಿದ ಕೈಯ ಸೇವೆ

ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುವವನನ್ನು ದೇಹದ ನೋವಿಗಿಂತ ಹೆಚ್ಚಾಗಿ ಕಾಡುವುದು ‘ಇನ್ನು ನಾನು ಪರರಿಗೆ ಹೊರೆ’ ಎಂಬ ಭಾವನೆ. ಅದಕ್ಕೆ ಮದ್ದೇನೆಂಬುದು ಭಕ್ತರು ವಿಚಾರಿಸತಕ್ಕ ವಿಷಯ.

ಮಿದುಳಿಗೆ ರಕ್ತಸಂಚಾರ ನಿಂತರೆ ಅಥವಾ ಅಲ್ಲಿನ ರಕ್ತನಾಳ ಒಡೆದರೆ ಆ ಭಾಗದ ಜೀವಕೋಶಗಳು ಸಾಯುತ್ತವೆ. ಸತ್ತವು ಮರಳಿ ಬಾರವು. ಆದರೆ ಉಳಿದ ಭಾಗಗಳು ಅಭ್ಯಾಸಬಲದಿಂದ ಕಳೆದ ಕೆಲಸವನ್ನು ಅಷ್ಟಿಷ್ಟು ಕಲಿಯಬಲ್ಲವು. ಗೀತೆಯ 6ನೆಯ ಅಧ್ಯಾಯವು ಚಂಚಲ ಮನಸ್ಸಿಗೆ ಹೇಳಿದ ಅಭ್ಯಾಸವೆಂಬ ಉಪಾಯ ದೇಹಕ್ಕೂ ಸಲ್ಲುತ್ತದೆ.

ಕೇರಳದ ಮೇಲ್ಪತ್ತೂರು ನಾರಾಯಣ ಭಟ್ಟತಿರಿಗಳು 16ನೆಯ ಶತಮಾನದಲ್ಲಿ ಗುರುಗಳಾದ ಅಚ್ಯುತ ಪಿಷಾರಟಿಯವರ ವಾತರೋಗವನ್ನು ತಾವೇ ಪಡೆದರೆಂದು ಪ್ರತೀತಿ. ಗುಣವಾಗಲೆಂದು ಅವರು ಕಾದು ಕೂರಲಿಲ್ಲ. ಗುರುವಾಯೂರಿನ ಸನ್ನಿಧಿಯಲ್ಲಿ ದಿನಕ್ಕೊಂದರಂತೆ 100 ದಶಕಗಳ ‘ನಾರಾಯಣೀಯ’ವನ್ನು ಅರ್ಪಿಸಿದರು. ಕೊನೆಯ ದಿನ ಆರೋಗ್ಯ ಲಭಿಸಿತೆನ್ನುತ್ತಾರೆ. ಅರ್ಪಣೆ ಮೊದಲು, ಆರೋಗ್ಯ ಅನಂತರ: ಈ ಕ್ರಮವೇ ಪಾಠ.

ಎಗ್ಮೋರಿನಲ್ಲಿ ಸರಕಾರದ ಮಕ್ಕಳ ಆಸ್ಪತ್ರೆಯೂ ಹೆರಿಗೆ ಆಸ್ಪತ್ರೆಯೂ ಇವೆ. ಅಂತಹ ಕಡೆ ತಮಿಳು ಬಾರದ ತಾಯಿಯೊಬ್ಬಳು ಚೀಟಿ ಹಿಡಿದು ದಿಕ್ಕು ತೋಚದೆ ನಿಂತರೆ, ದಾರಿ ಹೇಳಲು ಎರಡು ಗಟ್ಟಿ ಕೈಗಳು ಬೇಕಿಲ್ಲ. ಎರಡು ಭಾಷೆ ಬಲ್ಲ ನಾಲಿಗೆ ಸಾಕು. ಮಾತು ತೊದಲುವವನು ಕಾದಿರುವವರ ಜೊತೆಗೆ ಕುಳಿತಿರಬಹುದು. ವೈದ್ಯರನ್ನು ಕೇಳಿ, ಆಸ್ಪತ್ರೆಯ ಒಪ್ಪಿಗೆ ಪಡೆದು, ದೇಹ ತಡೆಯುವಷ್ಟು ಹೊತ್ತು ಮಾಡಿದರಾಯಿತು. ಔಷಧ, ವ್ಯಾಯಾಮ, ರಕ್ತದೊತ್ತಡದ ಪರೀಕ್ಷೆಗಳಿಗೆ ಸೇವೆಯು ಬದಲಿಯಲ್ಲ, ಜೊತೆಗಾರ.

ಆಯುಧಪೂಜೆಯಂದು ಸವೆದ ಉಪಕರಣವನ್ನೂ ತೊಳೆದು, ಕುಂಕುಮವಿಟ್ಟು ಪೂಜಿಸುವುದುಂಟು. ಕುಂದಿದ ಕೈಯೂ ಭಗವಂತನ ಉಪಕರಣವೇ. ಅದನ್ನು ಮೂಲೆಗೆ ಸೇರಿಸಲಾಗದು.